ಅಮ್ಮನ ಡೆಸ್ಕ್‌ಟಾಪ್ ಖಾಲಿಯಾದ ದಿನ

1/8

ಮೊದಲು ಫೋಟೋ ನೋಡಿ. ನೀಲಿ ಪರದೆ, ನಡುವೆ ವಿಂಡೋಸ್ 7ರ ನಾಲ್ಕು ಬಣ್ಣದ ಲೋಗೋ, ಎಡಗಡೆ ಮೂರೇ ಮೂರು ಐಕಾನ್: ರೀಸೈಕಲ್ ಬಿನ್, ಬ್ರೌಸರ್, ನುಡಿ. ನಿಮ್ಮಲ್ಲಿ ಕೆಲವರು "ಎಷ್ಟು ನೀಟಾಗಿದೆ" ಅಂದ್ಕೋಬಹುದು. ನಾನು ಅವತ್ತು ಇದನ್ನ ನೋಡಿ ಅಂಗಡಿ ಮಧ್ಯ ನಿಂತು ಬೆವರಿದ್ದೆ.

ಇದು ನಮ್ಮಮ್ಮನ ಕಂಪ್ಯೂಟರ್. ತಿಪಟೂರಿನಲ್ಲಿ ಅಮ್ಮನದು ಒಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಒಂದು ಮಶೀನು, ಒಂದು ಪ್ರಿಂಟರು, ಒಂದು ಕಂಪ್ಯೂಟರು, ಗಿರಾಕಿಗಳಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಅಮ್ಮ ಟೈಪ್ ಮಾಡಿದ್ದೆಲ್ಲ ಡೆಸ್ಕ್‌ಟಾಪ್ ಮೇಲೇ ಸೇವ್ ಆಗ್ತಿತ್ತು. ಹಿಂದಿನ ದಿನದವರೆಗೂ ಆ ಪರದೆಯಲ್ಲಿ ವಾಲ್‌ಪೇಪರ್ ಕಾಣೋಕೆ ಜಾಗ ಇರ್ಲಿಲ್ಲ. ಆದಾಯ ಪ್ರಮಾಣಪತ್ರದ ಅರ್ಜಿ, ಬಾಡಿಗೆ ಕರಾರು, "ಗೃಹಪ್ರವೇಶ ಹೊಸದು", "ಗೃಹಪ್ರವೇಶ ಹೊಸದು 2", "ಫೈನಲ್", "ಫೈನಲ್ ಇದೇ". ನೂರಾರು ಇದ್ವು. ಹೊರಗಿನವರಿಗೆ ಅದು ಕಸ. ಅಮ್ಮನಿಗೆ ಮಾತ್ರ ಯಾವುದು ಎಲ್ಲಿದೆ ಅಂತ ಕಣ್ಮುಚ್ಚಿದ್ರೂ ಗೊತ್ತು. "ಮೇಲಿಂದ ಮೂರನೇ ಸಾಲು, ಕೊನೆಗೆ ಇದೆ ನೋಡು" ಅಂತಾಳೆ, ಅಲ್ಲೇ ಇರುತ್ತೆ.

ಅವತ್ತು ಬೆಳಿಗ್ಗೆ ಅದ್ಯಾವುದೂ ಇರ್ಲಿಲ್ಲ.

ಈ ಕಥೆಯಲ್ಲಿ ನಿಮಗೆ ಉಪಯೋಗ ಆಗೋ ವಿಷಯ ಇದೆ, ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ. ಎರಡನ್ನೂ ಹೇಳ್ತೀನಿ. ಕ್ಯಾಪ್ಷನ್‌ನಲ್ಲಿ ಜಾಗ ಸಾಲಲ್ಲ, ಹಾಗಾಗಿ ಎಂಟು ಪೋಸ್ಟ್.

2/8

ಹಿಂದಿನ ಸಂಜೆ ಕರೆಂಟ್ ಹೋಗಿತ್ತು. ನಮ್ಮ ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನ ಆಯ್ತು. ಕೀಂ ಅಂತ ಒಂದ್ಸಲ ಕೂಗುತ್ತೆ, ಆಮೇಲೆ ಎಲ್ಲ ಆಫ್. ಅಮ್ಮ ಶಟರ್ ಎಳೆದು ಮನೆಗೆ ಬಂದ್ಲು.

ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದಾಗ ಬಲಗಡೆ ಮೂಲೆಯಲ್ಲಿ ಏನೋ ಒಂದು ಪುಟ್ಟ ಸಂದೇಶ ಬಂತಂತೆ. "ಇಂಗ್ಲಿಷ್‌ನಲ್ಲಿ ಏನೋ ಇತ್ತು ಕಣೇ, ಆ್ಯಂಟಿವೈರಸ್‌ದು ಅಂದ್ಕೊಂಡು ಕ್ರಾಸ್ ಒತ್ತಿದೆ" ಅಂದ್ಲು. ನಾವೆಲ್ಲ ಮಾಡೋದೂ ಅದೇ ಅಲ್ವಾ? ಆ ಸಂದೇಶವೇ ಪೂರ್ತಿ ಉತ್ತರ ಆಗಿತ್ತು. ಅದಕ್ಕೆ ಆಮೇಲೆ ಬರ್ತೀನಿ.

ಐಕಾನ್ ಇಲ್ಲ ಅಂತ ಅಮ್ಮ ಕೂತು ಅಳಲಿಲ್ಲ. ಗಿರಾಕಿ ಕೆಲಸ ಕೊಟ್ಟು ಹೋಗಿದ್ರು. ನಮ್ಮೂರ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ತಮ್ಮ ಹಳ್ಳಿಯ ಕೆರೆ ಬಗ್ಗೆ ಒಂದು ನೋಟ್‌ಬುಕ್ ತುಂಬ ಬರೆದಿದ್ದಾರೆ. ಕೆರೆ ಯಾವಾಗ ಕೋಡಿ ಬಿತ್ತು, ನೀರು ಹಂಚೋಕೆ ಯಾರ ಸರದಿ ಯಾವಾಗ ಇತ್ತು, ಯಾವ ಬರದಲ್ಲಿ ಹೂಳೆತ್ತಿದ್ರು, ಎಲ್ಲ ಇದೆ. ಅದನ್ನ ಟೈಪ್ ಮಾಡಿಸಿ ಊರ ಹಬ್ಬಕ್ಕೆ ಹಂಚಬೇಕು ಅಂತ ಅವರ ಆಸೆ. ಅಮ್ಮ ನುಡಿ ತೆಗೆದು, ಹೊಸ ಫೈಲ್ ಮಾಡಿ, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನದವರೆಗೆ ಹನ್ನೊಂದು ಪುಟ ಟೈಪ್ ಮಾಡಿದ್ಲು. ಮೇಷ್ಟ್ರ ಅಕ್ಷರ ಇರುವೆ ಸಾಲು. ಕನ್ನಡಕ ಹಾಕ್ಕೊಂಡು, ಬೆರಳಿಟ್ಟು ಓದ್ತಾ ಟೈಪ್ ಮಾಡಬೇಕು. ಮಾಡಿ, ಎಂದಿನ ಹಾಗೆ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿದ್ಲು.

ಎರಡು ಗಂಟೆಗೆ ನಾನು ಕಾಲೇಜಿಂದ ಬಂದೆ. ಬಿಕಾಂನಲ್ಲಿ ಒಂದು ಕಂಪ್ಯೂಟರ್ ಪೇಪರ್ ಪಾಸಾಗಿದ್ದಕ್ಕೆ ಮನೆಯಲ್ಲಿ ನಾನೇ ಇಂಜಿನಿಯರ್.

3/8

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಹಳೇ ಕಂಪ್ಯೂಟರ್ ಇರೋ ಮನೆಗಳು ಇನ್ನೂ ಬಹಳ ಇವೆ.

ಐಕಾನ್ ಕಾಣ್ತಿಲ್ಲ ಅಂದ್ರೆ ಮೊದಲು ಕೇಳಬೇಕಾದ ಪ್ರಶ್ನೆ: ಬರೀ ಐಕಾನಾ, ಅಥವಾ ಕೆಳಗಿನ ಟಾಸ್ಕ್‌ಬಾರೂ ಇಲ್ವಾ? ಎರಡೂ ಇಲ್ಲ ಅಂದ್ರೆ ಎಕ್ಸ್‌ಪ್ಲೋರರ್ ಅನ್ನೋ ಪ್ರೋಗ್ರಾಂ ನಿಂತಿರೋ ಸಾಧ್ಯತೆ ಜಾಸ್ತಿ. ಡೆಸ್ಕ್‌ಟಾಪ್, ಸ್ಟಾರ್ಟ್ ಬಟನ್, ಟಾಸ್ಕ್‌ಬಾರ್ ಮೂರನ್ನೂ ನಮಗೆ ತೋರಿಸೋದು ಅದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಫೈಲ್ ಮೆನುವಿನಲ್ಲಿ ನ್ಯೂ ಟಾಸ್ಕ್ ಒತ್ತಿ ಎಕ್ಸ್‌ಪ್ಲೋರರ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಅಷ್ಟೇ, ಎಷ್ಟೋ ಸಲ ಎಲ್ಲ ವಾಪಸ್.

ಟಾಸ್ಕ್‌ಬಾರ್ ಇದೆ, ಐಕಾನ್ ಒಂದೂ ಇಲ್ಲ ಅಂದ್ರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ವ್ಯೂ, ಅಲ್ಲಿ ಶೋ ಡೆಸ್ಕ್‌ಟಾಪ್ ಐಕಾನ್ಸ್ ಮುಂದೆ ಟಿಕ್ ಇದೆಯಾ ನೋಡಿ. ನಮ್ಮ ಲ್ಯಾಬ್‌ನಲ್ಲಿ ಯಾರೋ ಪುಣ್ಯಾತ್ಮರು ಈ ಟಿಕ್ ತೆಗೆದು, ಪಕ್ಕದವರ ಮುಖ ನೋಡ್ಕೊಂಡು ಕೂರೋದು ಪದ್ಧತಿ. (ಯಾರು ಅಂತ ನಿಮಗೂ ಗೊತ್ತು. ಟ್ಯಾಗ್ ಮಾಡಲ್ಲ.)

ಪ್ರೊಜೆಕ್ಟರ್‌ಗೆ ಸೇರಿಸಿ ತೆಗೆದ ಮೇಲೆ ಐಕಾನ್ ಮಾಯವಾದ್ರೆ, ಅವು ಇಲ್ಲದ ಇನ್ನೊಂದು ಪರದೆ ಮೇಲೆ ಕೂತಿರಬಹುದು. ವಿಂಡೋಸ್ ಕೀ ಜೊತೆ ಪಿ ಒತ್ತಿ ಸರಿಮಾಡಿ. ಐಕಾನ್ ಇದೆ, ಆದ್ರೆ ಚಿತ್ರದ ಬದಲು ಬಿಳಿ ಕಾಗದದ ಗುರುತು ಬರ್ತಿದೆ ಅಂದ್ರೆ ಐಕಾನ್ ಚಿತ್ರಗಳನ್ನ ನೆನಪಿಟ್ಟುಕೊಳ್ಳೋ ಕ್ಯಾಶ್ ಫೈಲ್ ಕೆಟ್ಟಿರಬಹುದು. ಅದನ್ನ ಅಳಿಸಿದ್ರೆ ವಿಂಡೋಸ್ ಹೊಸದು ಮಾಡ್ಕೊಳ್ಳುತ್ತೆ.

ಇನ್ನೊಂದು ನನಗೇ ಗೊತ್ತಿರ್ಲಿಲ್ಲ, ಓದಿ ನಗು ಬಂತು. ವಿಂಡೋಸ್ 7ರಲ್ಲಿ ವಾರಕ್ಕೊಮ್ಮೆ ತಾನೇ ಕಸ ಗುಡಿಸೋ ಒಂದು ವ್ಯವಸ್ಥೆ ಇದೆ. ಡೆಸ್ಕ್‌ಟಾಪ್ ಮೇಲೆ ನಾಲ್ಕಕ್ಕಿಂತ ಜಾಸ್ತಿ ಮುರಿದ ಶಾರ್ಟ್‌ಕಟ್ ಇದ್ರೆ, ಕೇಳದೇ ತೆಗೆದುಹಾಕುತ್ತೆ. ನೆಟ್‌ವರ್ಕ್‌ನಲ್ಲಿರೋ ಬೇರೆ ಕಂಪ್ಯೂಟರ್‌ನ ಫೋಲ್ಡರ್‌ಗೆ ಶಾರ್ಟ್‌ಕಟ್ ಇಟ್ಟಿದ್ದೀರಿ, ಆ ಕಂಪ್ಯೂಟರ್ ಆಫ್ ಇದೆ ಅನ್ಕೊಳ್ಳಿ; ಅದನ್ನೂ ಮುರಿದದ್ದು ಅಂತಲೇ ಲೆಕ್ಕ ಹಾಕುತ್ತೆ. ಅತ್ತೆ ಮನೆಗೆ ಬಂದಾಗ ನಿಮ್ಮ ಟೇಬಲ್ ಕ್ಲೀನ್ ಮಾಡ್ತಾರಲ್ಲ, ಹಾಗೆ.

ನಾನು ಇವಿಷ್ಟರಲ್ಲಿ ಅವತ್ತು ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಟಿಕ್ ಇತ್ತು. ಟಾಸ್ಕ್‌ಬಾರ್ ಇತ್ತು. ಎಫ್5 ಹತ್ತು ಸಲ ಒತ್ತಿದೆ. (ಅದರಿಂದ ಏನೂ ಆಗಲ್ಲ, ಮನಸ್ಸಿಗೆ ಸಮಾಧಾನ.)

ಆಮೇಲೆ ದೊಡ್ಡ ಇಂಜಿನಿಯರ್ ಥರ ಹೇಳಿದೆ, "ಅಮ್ಮಾ, ಒಂದ್ಸಲ ರೀಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ."

4/8

ರೀಸ್ಟಾರ್ಟ್ ಆಯ್ತು. ಮತ್ತೆ ಅದೇ ನೀಲಿ ಪರದೆ, ಅದೇ ಮೂರು ಐಕಾನ್.

ಅಮ್ಮ ಪರದೆ ಹತ್ತಿರ ಬಗ್ಗಿದ್ಲು. "ಮೇಷ್ಟ್ರ ಫೈಲ್ ಎಲ್ಲೇ?"

ಈಗ ಮೂಲೆಯಲ್ಲಿ ಆ ಸಂದೇಶ ಮತ್ತೆ ಬಂತು. ನಾನು ಈ ಸಲ ಓದಿದೆ. ಅದರ ಅರ್ಥ ಇಷ್ಟು: ನೀವು ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಒಳಗೆ ಬಂದಿದ್ದೀರಿ. ನಿಮ್ಮ ಫೈಲ್‌ಗಳು ಇಲ್ಲಿ ಸಿಗಲ್ಲ. ಇಲ್ಲಿ ನೀವು ಮಾಡಿದ ಫೈಲ್‌ಗಳು ಲಾಗ್ ಆಫ್ ಆದಾಗ ಅಳಿಸಿಹೋಗುತ್ತವೆ.

ಅಳಿಸಿಹೋಗುತ್ತವೆ. ಮುಂದೆ ಯಾವಾಗಲೋ ಅಲ್ಲ, ಎರಡು ನಿಮಿಷದ ಹಿಂದೆ ನಾನು ಒತ್ತಿದ ಬಟನ್‌ಗೆ.

ಕಾಮರ್ಸ್‌ನವರಿಗೆ ಬೇಗ ಅರ್ಥ ಆಗೋ ಹಾಗೆ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಕೆಲಸ ಮುಂದುವರಿಸ್ತೀವಲ್ವಾ? ವಿಂಡೋಸ್ ಮಾಡಿದ್ದೂ ಅದೇ. ಕರೆಂಟ್ ಹೋದ ಹೊಡೆತಕ್ಕೆ ಅಮ್ಮನ ಪ್ರೊಫೈಲ್ ಸರಿಯಾಗಿ ತೆರೆದುಕೊಳ್ಳಲಿಲ್ಲ. ಆಗ ವಿಂಡೋಸ್ "ಇರ್ಲಿ, ಸದ್ಯಕ್ಕೆ ಇಲ್ಲಿ ಕೂತ್ಕೊಳ್ಳಿ" ಅಂತ ಟೆಂಪ್ ಅನ್ನೋ ಹೆಸರಲ್ಲಿ ಒಂದು ಖಾಲಿ ಕೋಣೆ ಕೊಡ್ತು. ಅಮ್ಮ ಬೆಳಿಗ್ಗೆಯಿಂದ ಆ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ಲು. ನಾನು ಬಂದು ಕೋಣೆಯನ್ನೇ ಕೆಡವಿದೆ.

ರೀಸ್ಟಾರ್ಟ್ ಮಾಡೋದೇ ತಪ್ಪು ಅಂತಲ್ಲ. ಕೆಲವು ಸಲ ಇದೇ ತೊಂದರೆ ರೀಸ್ಟಾರ್ಟ್‌ನಿಂದ ಸರಿಯೂ ಹೋಗುತ್ತೆ. ಆದ್ರೆ ಅದಕ್ಕೂ ಮುಂಚೆ ಅವತ್ತು ಮಾಡಿದ ಕೆಲಸವನ್ನ ಪೆನ್‌ಡ್ರೈವ್‌ಗೋ ಡಿ ಡ್ರೈವ್‌ಗೋ ಹಾಕಬೇಕಿತ್ತು. ಅರ್ಧ ನಿಮಿಷದ ಕೆಲಸ.

5/8

ಅಮ್ಮ ಬೈದಿದ್ರೆ ಚೆನ್ನಾಗಿರ್ತಿತ್ತು. "ಹೋಗ್ಲಿ ಬಿಡು, ಊಟ ಮಾಡು" ಅಂದ್ಲು. ಡಬ್ಬಿ ತೆಗೆದ್ಲು. ನಂಗೆ ಅನ್ನ ಇಳೀಲಿಲ್ಲ.

ಡಿಲೀಟ್ ಆದ ಫೈಲ್ ವಾಪಸ್ ತರೋ ಸಾಫ್ಟ್‌ವೇರ್ ಇರುತ್ತೆ ಅಂತ ಕೇಳಿದ್ದೆ. ತಕ್ಷಣ ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡಿದೆ. ಎಲ್ಲಿಗೆ? ಅದೇ ಸಿ ಡ್ರೈವ್‌ಗೆ. ಇದು ಎರಡನೇ ತಪ್ಪು. ಫೈಲ್ ಅಳಿಸಿದಾಗ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಅಕ್ಷರಗಳು ತಕ್ಷಣ ಒರೆಸಿ ಹೋಗಲ್ಲ. ಆ ಜಾಗ ಖಾಲಿ ಇದೆ ಅಂತ ಗುರುತು ಮಾತ್ರ ಬೀಳುತ್ತೆ. ಹೊಸದಾಗಿ ಏನಾದ್ರೂ ಬಂದು ಅದರ ಮೇಲೆ ಕೂತ್ರೆ ಆಗ ನಿಜಕ್ಕೂ ಹೋಗುತ್ತೆ. ಕಳೆದದ್ದನ್ನ ಹುಡುಕೋಕೆ ಬಂದವನನ್ನೇ ನಾನು ಕಳೆದ ಜಾಗದ ಮೇಲೆ ಕೂರಿಸಿದ್ನೋ ಏನೋ. ಫೈಲ್ ಹೆಸರು ಸಿಕ್ತು, ತೆಗೆದ್ರೆ ಒಳಗೆ ಬರೀ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು. ನುಡಿ ಫಾಂಟ್ ಸಮಸ್ಯೆ ಇರ್ಬೇಕು ಅಂತ ಎಲ್ಲ ಫಾಂಟೂ ಹಾಕಿ ನೋಡಿದೆ. ಫಾಂಟ್ ಸಮಸ್ಯೆ ಅಲ್ಲ.

ಅಷ್ಟೊತ್ತಿಗೆ ಅಮ್ಮ ಕಂಪ್ಯೂಟರ್ ರಿಪೇರಿ ಮಾಡೋ ಅಣ್ಣನಿಗೆ ಫೋನ್ ಹಚ್ಚಿದ್ಲು. ಅವರು ಪೂರ್ತಿ ಕೇಳೋ ಮೊದಲೇ ಹೇಳಿದ್ರು, "ಅಕ್ಕ, ವಿಂಡೋಸ್ ಹೋಗಿದೆ. ಫಾರ್ಮ್ಯಾಟ್ ಮಾಡ್ಬೇಕು. ಐನೂರು ಆಗುತ್ತೆ. ಸಂಜೆ ಹುಡುಗನ್ನ ಕಳಿಸ್ತೀನಿ."

ಅಮ್ಮ ನನ್ನ ಮುಖ ನೋಡಿದ್ಲು. "ಐಕಾನೇ ಇಲ್ಲ ಅಂದ್ಮೇಲೆ ಇನ್ನೇನಿದೆ ಅದ್ರಲ್ಲಿ? ಮಾಡ್ಸಿಬಿಡೋಣ."

ನಾನು ಹೂಂ ಅಂದೆ. ನಿಜ ಹೇಳ್ತಿದ್ದೀನಿ, ಹೂಂ ಅಂದೆ. ಒಂದು ತಪ್ಪು ಮಾಡಿದ ಮೇಲೆ ಬೇರೆ ಯಾರಾದ್ರೂ ಬಂದು ಜವಾಬ್ದಾರಿ ತಗೊಂಡ್ರೆ ಸಾಕು ಅನ್ಸುತ್ತಲ್ಲ, ಆ ಥರ. ಅವತ್ತು ಸಂಜೆ ಆ ಹುಡುಗನಿಗೆ ಬೇರೆ ಕೆಲಸ ಬಂತು, ನಾಳೆ ಬರ್ತೀನಿ ಅಂದ. ನಮ್ಮ ಎಂಟು ವರ್ಷದ ಫೈಲ್‌ಗಳು ಉಳಿದದ್ದು ಆ ಒಂದು ರಾತ್ರಿಯಿಂದ.

6/8

ರಾತ್ರಿ ಅಂಗಡಿ ಮುಚ್ಚೋ ಹೊತ್ತಿಗೆ ಅಮ್ಮ ಲೆಕ್ಕ ಬರೀತಿದ್ಲು. ನಾನು ಸುಮ್ಮನೆ ಆ ಪರದೆ ಮುಂದೆ ಕೂತಿದ್ದೆ. ಆಗ ಒಂದು ವಿಷಯ ತಲೆಗೆ ಬಂತು. ಎಲ್ಲ ಹೋಗಿದ್ರೆ ಈ ಮೂರು ಐಕಾನ್ ಯಾಕೆ ಉಳಿದಿವೆ?

ಉತ್ತರ ಗೊತ್ತಾದ್ರೆ ಬಹಳ ಸರಳ. ಡೆಸ್ಕ್‌ಟಾಪ್ ಅನ್ನೋದು ಪರದೆ ಅಲ್ಲ, ಅದೊಂದು ಫೋಲ್ಡರ್. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್. (ಎಕ್ಸ್‌ಪಿಯಲ್ಲಾದ್ರೆ ಯೂಸರ್ಸ್ ಬದಲು ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್.) ಅದರ ಜೊತೆ ಪಬ್ಲಿಕ್ ಅಂತ ಎಲ್ಲರಿಗೂ ಸೇರಿದ ಇನ್ನೊಂದು ಡೆಸ್ಕ್‌ಟಾಪ್ ಇರುತ್ತೆ. ನಮ್ಮ ಕಣ್ಣಿಗೆ ಕಾಣೋದು ಎರಡೂ ಸೇರಿದ್ದು. ಬ್ರೌಸರ್, ನುಡಿ ಎರಡೂ ಪಬ್ಲಿಕ್‌ನಲ್ಲಿದ್ವು. ಯಾರು ಲಾಗಿನ್ ಆದ್ರೂ ಕಾಣುತ್ತವೆ, ಟೆಂಪ್ ಬಂದ್ರೂ ಕಾಣುತ್ತವೆ. ರೀಸೈಕಲ್ ಬಿನ್ ವಿಂಡೋಸ್‌ನದೇ. ಇಲ್ಲದೇ ಇದ್ದದ್ದು ಅಮ್ಮನ ಸ್ವಂತದ್ದು ಮಾತ್ರ.

ಅಂದ್ರೆ ಅಮ್ಮನ ಫೋಲ್ಡರ್ ಎಲ್ಲೋ ಇರಲೇಬೇಕು.

ಸಿ ಡ್ರೈವ್ ತೆಗೆದೆ. ಯೂಸರ್ಸ್ ತೆಗೆದೆ. ಪಬ್ಲಿಕ್ ಇತ್ತು. ಟೆಂಪ್ ಇತ್ತು. ಅದರ ಮೇಲೆ, ಸಿಸ್ಟಮ್ ತಂದ ದಿನ ಅಂಗಡಿಯವರು ಹಾಕಿಕೊಟ್ಟಿದ್ದ ಅಮ್ಮನ ಹೆಸರಿತ್ತು, ತಪ್ಪು ಸ್ಪೆಲಿಂಗ್ ಸಮೇತ. ಒತ್ತಿದೆ. ಅನುಮತಿ ಇಲ್ಲ, ಮುಂದುವರಿಸಬೇಕಾ ಅಂತ ಕೇಳ್ತು. ಮುಂದುವರಿಸು ಅಂದೆ. ಹಸಿರು ಪಟ್ಟಿ ಮೇಲೆ ನಿಧಾನಕ್ಕೆ ಓಡ್ತು. ಹಳೇ ಕಂಪ್ಯೂಟರ್ ಅಲ್ವಾ, ಅದಕ್ಕೂ ಉಸಿರಾಡೋಕೆ ಟೈಮ್ ಬೇಕು.

ಆಮೇಲೆ ಒಂದೊಂದಾಗಿ ಬರೋಕೆ ಶುರುವಾಯ್ತು. ಬಾಡಿಗೆ ಕರಾರು. ಗೃಹಪ್ರವೇಶ ಹೊಸದು. ಗೃಹಪ್ರವೇಶ ಹೊಸದು 2. ಫೈನಲ್. ಫೈನಲ್ ಇದೇ.

"ಅಮ್ಮಾ" ಅಂತ ಕೂಗಿದೆ. ಅಮ್ಮ ಪೆನ್ನು ಹಿಡ್ಕೊಂಡೇ ಎದ್ದು ಬಂದ್ಲು. ಒಂದು ಕ್ಷಣ ನೋಡಿ ಹೇಳಿದ್ಲು, "ಸಾಲು ತಪ್ಪಿಸಿಬಿಟ್ಟಿದೆ, ಎಲ್ಲ ಅಕ್ಷರಮಾಲೆ ಪ್ರಕಾರ ನಿಂತಿವೆ." ಅಷ್ಟೇ. ಆಮೇಲೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ಕೊಂಡ್ಲು. ಒರೆಸಿದ್ದು ಬರೀ ಕನ್ನಡಕ ಅಲ್ಲ.

ಖಾತೆ ಪುಸ್ತಕದ ಮೊದಲ ಪುಟದಲ್ಲಿ ಇಂಡೆಕ್ಸ್ ಇರುತ್ತಲ್ಲ, ಯಾರ ಖಾತೆ ಯಾವ ಪುಟದಲ್ಲಿ ಅಂತ? ಆ ಹಾಳೆ ಹರಿದುಹೋದ್ರೆ ಪುಸ್ತಕವನ್ನೇ ಒಲೆಗೆ ಹಾಕಲ್ಲ ಯಾರೂ. ನಾವು ನಾಳೆ ಐನೂರು ರೂಪಾಯಿ ಕೊಟ್ಟು ಅದನ್ನೇ ಮಾಡಿಸೋಕೆ ಹೊರಟಿದ್ವಿ. ಸಿ ಡ್ರೈವ್ ಫಾರ್ಮ್ಯಾಟ್ ಆದ್ರೆ ಡೆಸ್ಕ್‌ಟಾಪ್ ಫೋಲ್ಡರೂ ಹೋಗುತ್ತೆ, ಯಾಕಂದ್ರೆ ಅದು ಅಲ್ಲೇ ಇದೆ.

7/8

ಬೇಗ ಬೇಗ ಹೇಳ್ತೀನಿ, ಸರಿ ಮಾಡಿದ್ದು ಹೇಗೆ ಅಂತ.

ಏನನ್ನೂ ಮುಟ್ಟೋ ಮುಂಚೆ ಇಡೀ ಫೋಲ್ಡರನ್ನ 16 ಜಿಬಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಇನ್ನೊಂದು ಕಾಪಿ ಡಿ ಡ್ರೈವ್‌ಗೆ. ಈ ಸಲ ಸ್ವಲ್ಪ ಬುದ್ಧಿ ಬಂದಿತ್ತು.

ಮಾರನೇ ದಿನ ರೆಜಿಸ್ಟ್ರಿ ತೆಗೆದೆ. ಅದು ವಿಂಡೋಸ್‌ನ ಜಾತಕ ಇದ್ದ ಹಾಗೆ, ಏನೇನೋ ಅಳಿಸಿದ್ರೆ ಸಿಸ್ಟಮ್ ಏಳಲ್ಲ. ಅದಕ್ಕೆ ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಕೊಂಡೆ. ಅಲ್ಲಿ ಲೋಕಲ್ ಮೆಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಪ್ರೊಫೈಲ್ ಲಿಸ್ಟ್ ಅಂತ ಇಳ್ಕೊಂಡು ಹೋದ್ರೆ ಎಸ್-1-5-21 ಅಂತ ಶುರುವಾಗೋ ಉದ್ದುದ್ದ ಹೆಸರುಗಳು ಸಿಗುತ್ತವೆ. ಒಬ್ಬೊಬ್ಬ ಬಳಕೆದಾರರಿಗೆ ಒಂದು. ನಮ್ಮಲ್ಲಿ ಒಂದೇ ನಂಬರ್ ಎರಡು ಸಲ ಇತ್ತು, ಒಂದರ ಬಾಲದಲ್ಲಿ ಚುಕ್ಕೆ ಬಿಎಕೆ. ಬಾಲ ಇದ್ದದ್ದು ಅಮ್ಮನ ನಿಜವಾದ ಫೋಲ್ಡರ್ ಕಡೆ ತೋರಿಸ್ತಿತ್ತು, ಇಲ್ಲದ್ದು ಟೆಂಪ್ ಕಡೆ. ಟೆಂಪ್‌ನದಕ್ಕೆ ಬೇರೆ ಬಾಲ ಅಂಟಿಸಿ, ಅಮ್ಮನದರ ಬಾಲ ತೆಗೆದೆ. ಅದರೊಳಗೆ ಸ್ಟೇಟ್, ರೆಫ್‌ಕೌಂಟ್ ಅಂತ ಎರಡು ಇರುತ್ತವೆ, ಎರಡನ್ನೂ ಸೊನ್ನೆ ಮಾಡಿದೆ. ರೀಸ್ಟಾರ್ಟ್ ಒತ್ತುವಾಗ ಕೈ ನಡುಗ್ತಿತ್ತು.

ವಾಲ್‌ಪೇಪರ್ ಬಂತು. ಅದನ್ನ ಮುಚ್ಚಿಹಾಕೋ ಹಾಗೆ ನೂರಾರು ಐಕಾನ್ ಬಂದ್ವು. ಮೇಲಿಂದ ಮೂರನೇ ಸಾಲು ಮೇಲಿಂದ ಮೂರನೇ ಸಾಲಲ್ಲೇ ಇತ್ತು.

ರಿಪೇರಿ ಅಣ್ಣನಿಗೆ ಅಮ್ಮನೇ ಫೋನ್ ಮಾಡಿ ಬೇಡ ಅಂದ್ಲು. ಅವರ ಮೇಲೆ ಕೋಪ ಇಲ್ಲ. ದಿನಕ್ಕೆ ಹತ್ತು ಕಂಪ್ಯೂಟರ್ ನೋಡೋರಿಗೆ ಫಾರ್ಮ್ಯಾಟ್ ಅನ್ನೋದು ಒಂದೇ ಗಂಟೆ ಕೆಲಸ. ಆದ್ರೆ ನಿಮಗೆ ಯಾರಾದ್ರೂ ಆ ಮಾತು ಹೇಳಿದ್ರೆ, "ನನ್ನ ಡೆಸ್ಕ್‌ಟಾಪ್ ಫೋಲ್ಡರ್ ಕಾಪಿ ತೆಗೆದಿದ್ದೀರಾ?" ಅಂತ ಒಂದು ಪ್ರಶ್ನೆ ಕೇಳಿ.

ಇಷ್ಟು ಓದಿ ನಿಮ್ಮಲ್ಲಿ ಯಾರೋ ಕಾಮೆಂಟ್ ಹಾಕೇ ಹಾಕ್ತೀರಿ, ಇನ್ನೂ ವಿಂಡೋಸ್ 7 ಯಾಕೆ ಅಂತ. 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು ನಿಲ್ಲಿಸಿದೆ, ಗೊತ್ತು. 2 ಜಿಬಿ ರ‍್ಯಾಮ್ ಇರೋ ಆ ಡಬ್ಬಕ್ಕೆ ಹೊಸ ವಿಂಡೋಸ್ ಹಾಕಿದ್ರೆ ನುಡಿ ಓಪನ್ ಆಗೋ ಹೊತ್ತಿಗೆ ಗಿರಾಕಿ ಪಕ್ಕದ ಅಂಗಡಿಯಲ್ಲಿ ಪ್ರಿಂಟ್ ತಗೊಂಡು ಮನೆ ಸೇರಿರ್ತಾರೆ. ಹೊಸ ಕಂಪ್ಯೂಟರ್ ತಗೊಳ್ಳೋಣ ಅಂದ್ರೆ ನನ್ನ ಸೆಮಿಸ್ಟರ್ ಫೀಸ್ ಮೊದಲು ಅಂತಾಳೆ ಅಮ್ಮ. ಮೊದಲು ಯುಪಿಎಸ್ ಬ್ಯಾಟರಿ ಹಾಕಿಸಿದ್ದೀವಿ. ಅದು ನನ್ನ ದುಡ್ಡು, ಟ್ಯೂಷನ್ ಹೇಳಿಕೊಟ್ಟಿದ್ದು.

8/8

ಎಲ್ಲ ವಾಪಸ್ ಬಂತು, ಮೇಷ್ಟ್ರ ಹನ್ನೊಂದು ಪುಟ ಬಿಟ್ಟು.

ಎರಡು ದಿನ ಬಿಟ್ಟು ಮೇಷ್ಟ್ರೇ ಬಂದ್ರು. ಕೊಡೆ ಬಾಗಿಲಿಗೆ ಒರಗಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಎಲ್ಲೀವರೆಗೆ ಬಂತಮ್ಮ ನಮ್ಮ ಕೆರೆ?" ಅಂತ ಕೇಳಿದ್ರು. ನಾನು ಝೆರಾಕ್ಸ್ ಮಶೀನ್ ಹಿಂದೆ ಪೇಪರ್ ಜೋಡಿಸೋ ನಾಟಕ ಮಾಡ್ತಿದ್ದೆ. ನಾನೇ ಹೇಳಬೇಕಿತ್ತು. ಬಾಯಿ ಬರ್ಲಿಲ್ಲ.

"ಕರೆಂಟ್ ಕೈ ಕೊಡ್ತು ಮೇಷ್ಟ್ರೇ, ಸ್ವಲ್ಪ ಹಿಂದೆ ಬಿದ್ದಿದ್ದೀನಿ. ಇನ್ನೊಂದು ವಾರ ಕೊಡಿ" ಅಂದ್ಲು ಅಮ್ಮ. ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ.

ಅವತ್ತು ರಾತ್ರಿಯಿಂದ ಹೊಸ ಪದ್ಧತಿ. ಶಟರ್ ಅರ್ಧ ಎಳೆದು ನಾನು ನೋಟ್‌ಬುಕ್ ಓದ್ತೀನಿ, ಅಮ್ಮ ಟೈಪ್ ಮಾಡ್ತಾಳೆ. ನಾನು ಓದಿದ್ರೆ ಅವಳು ಕೆಳಗೆ ಮೇಲೆ ನೋಡೋದು ತಪ್ಪುತ್ತೆ, ಕುತ್ತಿಗೆ ನೋವು ಕಡಿಮೆ. ಒಂದೊಂದು ಪುಟಕ್ಕೂ ಸೇವ್. ಡಿ ಡ್ರೈವ್‌ಗೆ ಒಂದು, ಪೆನ್‌ಡ್ರೈವ್‌ಗೆ ಒಂದು. ಡೆಸ್ಕ್‌ಟಾಪ್ ಮೇಲೆ ಇಡೋದನ್ನ ಬಿಡು ಅಂತ ಎಷ್ಟು ಹೇಳಿದ್ರೂ ಕೇಳಲ್ಲ, ಅಲ್ಲೂ ಒಂದು ಇದೆ. "ನನ್ನ ಕಣ್ಣಿಗೆ ಕಾಣ್ತಿರ್ಬೇಕು" ಅಂತಾಳೆ.

ನಿನ್ನೆ ಒಂಬತ್ತನೇ ಪುಟದಲ್ಲಿ "ತೂಬು" ಅಂತ ಬಂತು. ಓದಿ ನಿಲ್ಲಿಸಿದೆ, ಏನಂತ ಗೊತ್ತಾಗ್ಲಿಲ್ಲ. ಇಪ್ಪತ್ತು ವರ್ಷ ಕೆರೆಗಳಿರೋ ಊರಲ್ಲೇ ಬೆಳೆದೋಳು. ಅಮ್ಮ ಕೀಬೋರ್ಡ್‌ನಿಂದ ಕೈ ತೆಗೆದು, ಗಾಳಿಯಲ್ಲಿ ಕೆರೆ ಏರಿ ಬರೆದು, ಅದರ ಕೆಳಗೆ ಬೆರಳು ತೂರಿಸಿ ತೋರಿಸಿದ್ಲು. "ಏರಿ ಅಡಿಯಿಂದ ಗದ್ದೆಗೆ ನೀರು ಬಿಡೋ ಬಾಯಿ. ಎತ್ತಿದ್ರೆ ನೀರು, ಮುಚ್ಚಿದ್ರೆ ಇಲ್ಲ. ನಮ್ಮ ತಾತ ಎತ್ತೋಕೆ ಹೋಗ್ತಿದ್ರು, ನಾನು ಹಿಂದೆ ಹಿಂದೆ ಓಡ್ತಿದ್ದೆ."

ಇದನ್ನ ಅಮ್ಮ ಯಾವತ್ತೂ ಹೇಳಿರ್ಲಿಲ್ಲ. ಮೊದಲ ಸಲ ಆ ಪುಟ ಒಬ್ಬಳೇ ಕೂತು ಟೈಪ್ ಮಾಡಿದಾಗ, ಕೇಳೋರು ಯಾರೂ ಇರ್ಲಿಲ್ಲ ಅನ್ಸುತ್ತೆ.

"ಏನ್ ನೋಡ್ತಿದ್ಯಾ, ಓದು ಮುಂದಕ್ಕೆ" ಅಂದ್ಲು. ಓದಿದೆ.